ಪುಸ್ತಕ ಬಂತು, ಮಾವಶಿಗೆ ಮೊದಲ ನಮಸ್ಕಾರ

ಗೋವಾದ ಮುಖ್ಯಮಂತ್ರಿಯಾಗಿದ್ದ ಶಶಿಕಲಾ ಕಾಕೋಡ್ಕರ್ ಅವರ ಬಗ್ಗೆ ನಾನು ಬರೆದ ಕನ್ನಡ ಪುಸ್ತಕ ಕೊನೆಗೂ ಹೊರಬಂತು. ಭಾನುವಾರ ವಾಸ್ಕೋದಲ್ಲಿ ಬಿಡುಗಡೆಗೆ ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಪ್ರೂಫ್ ನೋಡಿದ ಗೆಳೆಯರಿಗೆ, ಹಳೇ ಪತ್ರಿಕೆ ತೆಗೆದುಕೊಟ್ಟ ಪಣಜಿಯ ಸೆಂಟ್ರಲ್ ಲೈಬ್ರರಿಯವರಿಗೆ, ಎಲ್ಲರಿಗೂ ಮನಸಾರೆ ನಮಸ್ಕಾರ.

ಒಬ್ಬರ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು. ಫೋಂಡಾದ ಮಾವಶಿ. ಮರಾಠಿಯಲ್ಲಿ ಮಾವಶಿ ಅಂದರೆ ಚಿಕ್ಕಮ್ಮ. ಮರಾಠಿ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು.

ಪುಸ್ತಕ ಬರೆಯುತ್ತಿದ್ದಾಗ ಒಂದು ರಾತ್ರಿ ಅವ್ವ ಐಸಿಯುನಲ್ಲಿದ್ದಳು. ಮಾವಶಿ ಕೊನೇ ಬಸ್ಸಿಗೆ ಬಂದರು. ಸ್ಟೀಲ್ ಡಬ್ಬಿಯಲ್ಲಿ ಪೇಜ್ ಅಂದರೆ ಗಂಜಿ, ಮುಚ್ಚಳದಲ್ಲಿ ಮಾವಿನ ಉಪ್ಪಿನಕಾಯಿಯ ಒಂದು ಹೋಳು. "ಮೊದಲು ಉಣ್ಣು" ಅಂದರು. ಉಂಡ ಮೇಲೆ, "ಈಗ ನಿನ್ನ ಹಾಳೆ ತೆಗಿ, ಓದು" ಅಂದರು. ಅವರಿಗೆ ಕನ್ನಡ ಬರುವುದಿಲ್ಲ. ಕನ್ನಡದಲ್ಲಿ ಬರೆದದ್ದನ್ನು ನಾನು ಮರಾಠಿಯಲ್ಲಿ ಹೇಳುತ್ತಾ ಹೋದೆ.

1963ರಲ್ಲಿ ಗೋವಾದ ಮೊದಲ ಮುಖ್ಯಮಂತ್ರಿಯಾದವರು ದಯಾನಂದ ಬಾಂದೋಡ್ಕರ್. 1973ರ ಆಗಸ್ಟ್‌ನಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರ ಸಂಪುಟದಲ್ಲೇ ರಾಜ್ಯ ಸಚಿವೆಯಾಗಿದ್ದ ಮಗಳು ಶಶಿಕಲಾ ಆ ಜಾಗಕ್ಕೆ ಬಂದರು. ಅಪ್ಪನ ಕುರ್ಚಿ ಮಗಳಿಗೆ ಸಿಕ್ಕಿತು ಅಂತ ಇವತ್ತಿಗೂ ಜನ ಹೇಳುತ್ತಾರೆ, ಅಲ್ವಾ? ಅಲ್ಲಿಗೆ ಬಂದಾಗ ಮಾವಶಿ ನನ್ನನ್ನು ತಡೆದರು. "ಕುರ್ಚಿ ಅಪ್ಪನದೇ. ಕಾನೂನು ಯಾರದ್ದು?"

ಆಮೇಲೆ ತಮ್ಮ ತವರಿನ ಕಥೆ ಹೇಳಿದರು. ಭಾಟ್ಕಾರರ, ಅಂದರೆ ಜಮೀನಿನ ಧಣಿಗಳ ತೆಂಗಿನ ತೋಟದೊಳಗೆ ಇವರ ಮಣ್ಣಿನ ಮನೆ. ಗೋವಾದಲ್ಲಿ ಹಾಗೆ ಇರುವವರಿಗೆ ಮುಂಡಕಾರರು ಅಂತಾರೆ. ಗೋಡೆ ಬಿದ್ದರೂ ಧಣಿಯನ್ನು ಕೇಳದೆ ಕಟ್ಟುವ ಹಾಗಿರಲಿಲ್ಲ. 1975ರಲ್ಲಿ ಮುಂಡಕಾರರನ್ನು ಒಕ್ಕಲೆಬ್ಬಿಸಬಾರದು ಅಂತ ಶಶಿಕಲಾ ಸರ್ಕಾರ ಕಾನೂನು ತಂದಿತು. ಮರುವರ್ಷ ಗೇಣಿ ಕಾನೂನಿಗೆ ಐದನೇ ತಿದ್ದುಪಡಿ ಬಂತು, ಉಳುವವರಿಗೆ ಹೊಲ. ನಮ್ಮ ಕಡೆ ದೇವರಾಜ ಅರಸರ ಕಾಲದಲ್ಲಿ ಆದದ್ದೂ ಇದೇ. "ನಮ್ಮಮ್ಮ ಮನೆಗೆ ಹೊಸ ಹಂಚು ಹೊದಿಸಿದಳು. ಯಾರನ್ನೂ ಕೇಳಲಿಲ್ಲ" ಅಂದರು ಮಾವಶಿ. ಪುಸ್ತಕದ ಮೂರನೇ ಅಧ್ಯಾಯ ಶುರುವಾಗುವುದೇ ಈ ಹಂಚಿನಿಂದ.

1979ರ ಏಪ್ರಿಲ್‌ನಲ್ಲಿ ಪಕ್ಷದ ಶಾಸಕರೇ ಒಡೆದು ಸರ್ಕಾರ ಬಿದ್ದ ಭಾಗಕ್ಕೆ ಬರುವಾಗ ಬೆಳಗಿನ ಜಾವವಾಗಿತ್ತು. ನನಗೆ ಮುಂದೆ ಓದಲಾಗಲಿಲ್ಲ. ಅವ್ವನಿಗೆ ಓದು ಬರಹ ಬರುವುದಿಲ್ಲ. ಆದರೂ ದಿನಾ "ಎಷ್ಟು ಬರದಿ?" ಅಂತ ಕೇಳುತ್ತಿದ್ದವಳು ಅವಳೊಬ್ಬಳೇ. ಅವಳಿಲ್ಲದಿದ್ದರೆ ಇದೆಲ್ಲ ಯಾಕೆ ಅಂತ ಬಿಕ್ಕಿ ಬಿಕ್ಕಿ ಅತ್ತೆ. ಮಾವಶಿ ಸಮಾಧಾನದ ಮಾತು ಒಂದೂ ಆಡಲಿಲ್ಲ. ಬೆಳಕು ಹರಿದು ಡಾಕ್ಟರು ಹೊರಗೆ ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಅವ್ವ ಈಗ ಮನೆಯಲ್ಲಿದ್ದಾಳೆ. ಭಾನುವಾರ ಮುಂದಿನ ಸಾಲಿನಲ್ಲಿ ಮಾವಶಿ ಪಕ್ಕ ಕೂತಿದ್ದಳು. ಒಬ್ಬರಿಗೆ ಮರಾಠಿ ಬರಲ್ಲ, ಇನ್ನೊಬ್ಬರಿಗೆ ಕನ್ನಡ ಬರಲ್ಲ, ಇಬ್ಬರೂ ಮಾತಾಡುತ್ತಲೇ ಇದ್ದರು.

ಮಾವಶಿಗೆ ಪುಸ್ತಕದ ಬಗ್ಗೆ ಒಂದು ಅಸಮಾಧಾನ ಇದೆ. 1990ರಲ್ಲಿ ಶಿಕ್ಷಣ ಸಚಿವೆಯಾಗಿ ಶಶಿಕಲಾ ಅವರು ಪ್ರಾಥಮಿಕ ಶಾಲೆಗಳ ಸರ್ಕಾರಿ ಅನುದಾನವನ್ನು ಮಾತೃಭಾಷೆಯಲ್ಲಿ ಕಲಿಸುವವರಿಗೆ ಮಾತ್ರ ಅಂತ ಮಾಡಿದರು. ಎಪ್ಪತ್ತೈದು ದಾಟಿದ ಮೇಲೂ ಅದೇ ವಿಷಯಕ್ಕೆ ಹೋರಾಟಕ್ಕಿಳಿದರು. ಟೀಚರ್ ಆಗಿದ್ದವರಿಗೆ ಆ ಭಾಗ ಇನ್ನೂ ಬೇಕಿತ್ತು. ಎರಡನೇ ಮುದ್ರಣದಲ್ಲಿ ಅದನ್ನು ಖಂಡಿತ ಬೆಳೆಸುತ್ತೇನೆ ಮಾವಶಿ. ಬರೆದ ಹಾಗೆಲ್ಲ ಫೋಂಡಾಕ್ಕೆ ಬಂದು ಓದಿ ಹೇಳುತ್ತೇನೆ.