ತಾಟಿನವರೆಗೆ ನಿನ್ನ ಕೆಲಸ, ಮಗಳೇ

ಇಂಡಿ, ವಿಜಯಪುರ ಜಿಲ್ಲೆ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಗೌರಿ ಮೊಸರನ್ನ, ಬಾಳೆಹಣ್ಣು, ಬಿಸ್ಕೀಟು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ, ಒಂದು ಊಟಕ್ಕೆ ಒಂದು ತಾಸು ಹಿಡಿಯುತ್ತದೆ, ಮೊಬೈಲು ಹಚ್ಚಿಕೊಡದಿದ್ದರೆ ಬಾಯೇ ತೆರೆಯುವುದಿಲ್ಲ ಅಂದೆ. ಕೊನೆಗೆ "ನನಗೇ ಕೂಸು ಸಾಕಾಕ ಬರಂಗಿಲ್ಲೇನವ್ವಾ?" ಅಂತ ಕೇಳಿದೆ. ಹಿಂದೆ ಗೌರಿ ಚೀರುತ್ತಿದ್ದಳು, ನನಗೆ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಚೆನ್ನಾಗಿಯೇ ಬರುತ್ತದೆ. ಇಷ್ಟು ವರ್ಷ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡಿದವಳು ಈ ಮಾತು ಹೇಳುತ್ತಿದ್ದೇನೆ, ಸುಮ್ನೆ ಸಮಾಧಾನಕ್ಕಲ್ಲ.

ಹುಟ್ಟಿದಾಗ ಮೂರು ಕೆಜಿ ಇದ್ದ ಕೂಸು ವರ್ಷ ತುಂಬುವ ಹೊತ್ತಿಗೆ ಒಂಬತ್ತರ ಹತ್ತಿರ ಬರುತ್ತದೆ. ಅಂದರೆ ಮೂರು ಪಟ್ಟು. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಆಮೇಲೆ ವರ್ಷಕ್ಕೆ ಎರಡರ ಆಸುಪಾಸು. ಬೆಳೆಯುವ ವೇಗ ಕಡಿಮೆಯಾದರೆ ಹಸಿವೂ ಕಡಿಮೆಯಾಗುತ್ತದೆ ಅಲ್ವಾ? ತಾಯಂದಿರು ಗಾಬರಿಯಾಗುವುದು ಇದೇ ಹೊತ್ತಿಗೆ. "ಮೊದಲ ಚಂದ ಉಣ್ತಿತ್ರೀ ಟೀಚರ್, ಈಗ ಏನೂ ತಿನ್ನಂಗಿಲ್ಲ" ಅನ್ನುವ ಮಾತು ಕೇಳದ ತಿಂಗಳೇ ಇರಲಿಲ್ಲ.

ಇನ್ನೊಂದು, ಎರಡರಿಂದ ಆರು ವರ್ಷದವರೆಗೆ ಮಕ್ಕಳಿಗೆ ಹೊಸ ತಿನಿಸು ಕಂಡರೆ ಅನುಮಾನ ಜಾಸ್ತಿ. ಕಹಿಯೂ ನಮಗಿಂತ ಅವರ ನಾಲಿಗೆಗೆ ಹೆಚ್ಚು ತಾಗುತ್ತದೆ. ಮೆಂತೆಪಲ್ಯ ಕಂಡು ಗೌರಿ ಮುಖ ತಿರುಗಿಸಿದರೆ ಅದು ಹಟ ಅಂತ ತಿಳಿಯಬೇಡ. ಅವಳ ಬಾಯಿಗೆ ಅದು ನಿಜವಾಗಿಯೂ ಕಹಿ.

ಗೌರಿಗೆ ಮೂರು ತುಂಬಿದೆ, 12 ಕೆಜಿ ಇದ್ದಾಳೆ ಅಂದೆ. ತಾಯಿ ಕಾರ್ಡು ತೆಗೆದು ಅದರಲ್ಲಿರುವ ತೂಕದ ಚಾರ್ಟು ನೋಡು, ಅವಳ ಚುಕ್ಕಿ ಸರಿಯಾದ ತೂಕದ ಹಸಿರು ಪಟ್ಟಿಯೊಳಗೇ ಬೀಳುತ್ತದೆ. ಪಕ್ಕದ ಮನೆಯ ಹುಡುಗ 15 ಇದ್ದಾನೆ ಅನ್ನುವುದನ್ನು ಬಿಟ್ಟುಬಿಡು. ನೋಡಬೇಕಾದ್ದು ಗೌರಿಯದೇ ಗೆರೆ. ಅದು ಮೇಲಕ್ಕೆ ಹೋಗುತ್ತಿದ್ದರೆ ಅವಳಿಗೆ ಬೇಕಾದಷ್ಟು ಹೊಟ್ಟೆಗೆ ಹೋಗುತ್ತಿದೆ.

ಈಗ ನಾನು ಹೇಳಬೇಕು ಅಂದುಕೊಂಡಿದ್ದು. ತಾಟಿನಲ್ಲಿ ಏನು ಬಡಿಸಬೇಕು, ಯಾವ ಹೊತ್ತಿಗೆ ಬಡಿಸಬೇಕು, ಎಲ್ಲಿ ಕುಂದರಿಸಬೇಕು, ಇಷ್ಟು ನಿನ್ನ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವಳ ಹೊಟ್ಟೆಗೆ ಗೊತ್ತು. ಅದನ್ನು ಅವಳಿಗೇ ಬಿಡು. ಹಿಂದೆ ಹಿಂದೆ ತುತ್ತು ಹಿಡಿದು ಓಡಬೇಡ, ಗದರಬೇಡ, "ಇದೊಂದ ತುತ್ತು, ಚಾಕಲೇಟು ಕೊಡ್ತೀನಿ" ಅನ್ನಬೇಡ. ಹಾಗೆ ಅಂದರೆ ಪಲ್ಯ ಶಿಕ್ಷೆ, ಚಾಕಲೇಟು ಬಹುಮಾನ ಅಂತ ನಾವೇ ಕಲಿಸಿದ ಹಾಗೆ.

ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಇದ್ದರು. 1920ರ ದಶಕದಲ್ಲಿ ಅವರು ಆಗತಾನೇ ಎದೆಹಾಲು ಬಿಡಿಸಿದ ಕೂಸುಗಳ ಮುಂದೆ ಬಗೆಬಗೆಯ ತಿನಿಸು ಇಡಿಸಿದರು. ಕೂಸು ಕೈ ಚಾಚಿದರೆ ಮಾತ್ರ ನರ್ಸು ಚಮಚ ಎತ್ತಬೇಕು. ತಿನ್ನು ಅನ್ನುವಂತಿಲ್ಲ, ಬೇಡ ಅನ್ನುವಂತಿಲ್ಲ. ಕೂಸುಗಳು ಒಂದು ದಿನ ಒಂದನ್ನೇ ಹಿಡಿದು ತಿಂದವು, ಇನ್ನೊಂದು ದಿನ ಅದರ ಕಡೆ ನೋಡಲೇ ಇಲ್ಲ. ಆದರೂ ತಿಂಗಳುಗಳು ಕಳೆದಂತೆ ಎಲ್ಲವೂ ಗಟ್ಟಿಮುಟ್ಟಾಗಿ ಬೆಳೆದವು. ಇದರಲ್ಲಿ ಒಂದು ಗುಟ್ಟಿದೆ ಅಂತ ಅವರೇ ಹೇಳಿದ್ದಾರೆ: ಮುಂದೆ ಇಟ್ಟಿದ್ದೆಲ್ಲ ಒಳ್ಳೆಯ ಆಹಾರವೇ, ಸಕ್ಕರೆ ಇರಲಿಲ್ಲ. ಅದಕ್ಕೇ ಏನು ಬಡಿಸಬೇಕು ಅನ್ನುವುದು ನಿನ್ನ ಕೈಯಲ್ಲಿ ಇರಲಿ ಅನ್ನುತ್ತಿದ್ದೇನೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಭೂತಾಯಿಗೆ ಎಡೆ ಕೊಡಲು ಹೊಲಕ್ಕೆ ಹೋಗಿದ್ದೆವಲ್ಲ, ನೆನಪು ಮಾಡಿಕೋ. ಸಣ್ಣವರೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ಕುಳಿತಿದ್ದರು. ಗೌರಿಯ ಕಡೆ ಯಾರ ಕಣ್ಣೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಅವಳು ಮೊದಲು ಸಜ್ಜಿ ರೊಟ್ಟಿಗೆ ಅಂಟಿದ್ದ ಎಳ್ಳನ್ನು ಬೆರಳಿಂದ ಒಂದೊಂದೇ ಕಿತ್ತು ತಿಂದಳು. ಆಮೇಲೆ ಪಕ್ಕದವಳನ್ನು ನೋಡಿ ಪುಂಡಿಪಲ್ಯವನ್ನು ನಾಲಿಗೆಗೆ ಮುಟ್ಟಿಸಿದಳು, ಹುಳಿ ತಾಗಿ ಕಣ್ಣು ಮುಚ್ಚಿದಳು, ಉಗುಳಿದಳು. ನಿನಗೆ ಮಂದಿಯ ಮುಂದೆ ನಾಚಿಕೆಯಾಯಿತು. ನನಗೆ ಮಾತ್ರ ಭಾಳ ಖುಷಿಯಾಯಿತು. ಮುಟ್ಟಿ ನೋಡಿ, ಮೂಸಿ ನೋಡಿ, ಉಗುಳಿಯೇ ಮಕ್ಕಳು ಹೊಸ ರುಚಿ ಕಲಿಯುವುದು. ಒಂದು ಪಲ್ಯ ಒಗ್ಗಲು ಎಂಟರಿಂದ ಹದಿನೈದು ಸಲ ಬಡಿಸಬೇಕಾಗಬಹುದು. ಬಹಳ ಜನ ನಾಲ್ಕೈದು ಸಲ ನೋಡಿ "ಇವಳಿಗೆ ಸೇರಂಗಿಲ್ಲ" ಅಂತ ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ. ಮೊಸರನ್ನದ ಪಕ್ಕ ಒಂದೇ ಚಮಚ ಪಲ್ಯ ಇರಲಿ. ತಿನ್ನದಿದ್ದರೂ ಹರಕತ್ತಿಲ್ಲ, ಎರಡು ದಿನ ಬಿಟ್ಟು ಮತ್ತೆ ಇಡು.

ಹಾಲು ಎಷ್ಟು ಕುಡಿಯುತ್ತಾಳೆ ಅಂತ ನೀನು ಹೇಳಲಿಲ್ಲ. ದಿನಕ್ಕೆ ಅರ್ಧ ಲೀಟರು ದಾಟಬಾರದು. ಊಟ ಮಾಡಲಿಲ್ಲ ಅಂತ ಮತ್ತೊಂದು ಲೋಟ ಹಾಲು ಕೊಟ್ಟರೆ ಮುಂದಿನ ಊಟದ ಹಸಿವೂ ಹೋಯಿತು. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ರಕ್ತ ಕಡಿಮೆಯಾದರೆ ಹಸಿವು ಇನ್ನೂ ಸಾಯುತ್ತದೆ. ಸಂಜೆಯ ಚಹಾ, ಟೋಸ್ಟು ಪೂರ್ತಿ ನಿಲ್ಲಿಸು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬೇಳೆಗೆ, ಸೊಪ್ಪಿಗೆ ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಜಂತುಹುಳದ ಗುಳಿಗೆ ಫೆಬ್ರವರಿ 10ಕ್ಕೆ ಅಂಗನವಾಡಿಯಲ್ಲಿ ಕೊಡುತ್ತಾರೆ, ತಪ್ಪಿಸಬೇಡ. ಶೇಂಗಾ ಕಾಳನ್ನು ಇಡಿಯಾಗಿ ಐದು ವರ್ಷದವರೆಗೆ ಕೊಡಲೇಬೇಡ, ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ಕುಟ್ಟಿ ಹಿಂಡಿ, ಅಂದರೆ ಚಟ್ನಿಪುಡಿ ಮಾಡಿ, ತುಪ್ಪ ಹಾಕಿ, ಮೆತ್ತನೆಯ ರೊಟ್ಟಿಗೆ ಹಚ್ಚಿಕೊಡು. ರೊಟ್ಟಿ ಬಡಿಯುವಾಗ ಅವಳಿಗೂ ಒಂದು ಹಿಟ್ಟಿನ ಉಂಡೆ ಕೊಡು. ತಾನು ಬಡಿದ ಸೊಟ್ಟ ರೊಟ್ಟಿಯನ್ನು ಬೇಡ ಅನ್ನುವ ಮಕ್ಕಳು ಕಡಿಮೆ.

ಅಳಿಯಂದಿರು ಹೀರೇಕಾಯಿ ಹೋಳನ್ನು ತಾಟಿನ ಅಂಚಿಗೆ ಸರಿಸುವುದನ್ನು ನಾನು ನೋಡಿದ್ದೇನೆ. ಗೌರಿಯೂ ನೋಡುತ್ತಾಳೆ. ಈ ಮಾತು ನೀನೇ ಹೇಳು, ನಾನು ಹೇಳಿದರೆ ಸರಿ ಕಾಣುವುದಿಲ್ಲ. ನಿಮ್ಮ ಅತ್ತೆಯವರ ಜೊತೆ ಮಾತ್ರ ಇದಕ್ಕಾಗಿ ಜಗಳ ಬೇಡ. ಅವರು ಒತ್ತಾಯ ಮಾಡುವುದು ಮೊಮ್ಮಗಳ ಮೇಲಿನ ಜೀವದಿಂದ. ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಿ, ಗೌರಿಯನ್ನು ಅವರ ಪಕ್ಕ ಕುಂದರಿಸು. ಅರ್ಧ ತಾಸಿಗೆ ತಾಟು ಎತ್ತಿಬಿಡು, ಏನೂ ಅನ್ನಬೇಡ. ಮೊಬೈಲು ಬಿಡಿಸಿದ ಮೊದಲ ಕೆಲವು ದಿನ ಅಳುತ್ತಾಳೆ, ಕಡಿಮೆ ತಿನ್ನುತ್ತಾಳೆ. ನೀನು ಗಟ್ಟಿಯಾಗಿರು.

ಆದರೆ ಕೆಲವನ್ನು ಕಡೆಗಣಿಸುವಂತಿಲ್ಲ. ತೂಕದ ಗೆರೆ ಕೆಳಗೆ ಬಾಗಿದರೆ, ನುಂಗುವಾಗ ಕೆಮ್ಮಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಣ್ಣು ಸುಣ್ಣ ತಿನ್ನತೊಡಗಿದರೆ, ಈಗ ತಿನ್ನುವ ಎರಡು ಮೂರನ್ನೂ ಒಂದೊಂದಾಗಿ ಬಿಡುತ್ತಾ ಬಂದರೆ, ಮಕ್ಕಳ ಡಾಕ್ಟರ ಹತ್ತಿರ ಹೋಗು. ಹೇಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಅವಳ ಮುಖ ನನಗೆ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಂಡಿತು.

ನೀನು ಉಂಡೆಯಾ ಅಂತ ನಿನ್ನೆ ಕೇಳಲೇ ಇಲ್ಲ. ಅವಳ ತಾಟು ಖಾಲಿಯಾಗಲಿ ಅಂತ ಕಾಯಬೇಡ, ಅವಳ ಜೊತೆಗೇ ಕೂತು ಬಿಸಿ ಬಿಸಿ ಉಣ್ಣು.

ಬುಧವಾರ ನಿನ್ನ ತಮ್ಮ ಬೆಳಗಾವಿಗೆ ಬರುತ್ತಾನೆ. ಅವನ ಕೈಯಲ್ಲಿ ಖಾರ ಕಡಿಮೆ ಹಾಕಿದ ಶೇಂಗಾ ಹಿಂಡಿ, ಮಾಲದಂಡಿ ಜೋಳದ ಹಿಟ್ಟು ಕಳಿಸುತ್ತೇನೆ. ಹಿಟ್ಟು ಹಳತಾದರೆ ರೊಟ್ಟಿ ಹರಿಯುತ್ತದೆ, ಬೇಗ ಬಳಸು. ಗೌರಿಯ ತೂಕ ಮಾಡಿಸಿದ ಮೇಲೆ ಕಾರ್ಡಿನ ಫೋಟೋ ವಾಟ್ಸಾಪಿಗೆ ಹಾಕು.

ನಿನ್ನ ಅವ್ವ