ಕದ ಬಡಿದವರಿಗೆ

ಮೊನ್ನೆ ಎರಡನೇ ಸೆಮಿಸ್ಟರ್‌ನ ಕೊನೆಯ ಪೇಪರ್ ಬರೆದು ರೂಮಿಗೆ ಬಂದೆ. ಚಪ್ಪಲಿ ಬಿಟ್ಟು, ಫ್ಯಾನ್ ಹಾಕಿ, ನೆಲದ ಮೇಲೇ ಕಾಲು ಚಾಚಿ ಕುಳಿತೆ. ಅರ್ಧ ಗಂಟೆ ಆದಮೇಲೆ ನೋಡುತ್ತೇನೆ, ಕದ ಹಾಕಿಯೇ ಇಲ್ಲ. ಓಣಿಯ ಬೆಕ್ಕು ಹೊಸ್ತಿಲ ಮೇಲೆ ಮಲಗಿದೆ. ಹೋದ ವರ್ಷ ದೀಪಾವಳಿ ಮುಗಿಸಿ ಧಾರವಾಡಕ್ಕೆ ಬಂದಾಗ ಇದೇ ಕದಕ್ಕೆ ಎರಡು ಚಿಲಕ ಸಾಲದು ಅಂತ ಮೂರನೆಯದನ್ನು ಹಾಕಿಸಿಕೊಂಡವಳು ನಾನು.

ಎಂ.ಎ. ಮೊದಲ ವರ್ಷ ಮುಗಿಯಿತು. 'ಒಬ್ಬಳೇ ಇದ್ದು ಓದಿದ್ಳು' ಅಂತ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಅದು ಅಷ್ಟು ನಿಜವಲ್ಲ. ನಾಳೆ ರಾತ್ರಿ ಬಸ್ಸಿಗೆ ಊರಿಗೆ ಹೊರಟಿದ್ದೇನೆ. ಅದಕ್ಕೆ ಮೊದಲು ಇದನ್ನು ಬರೆದುಬಿಡಬೇಕು. ಎದುರು ನಿಂತು ಥ್ಯಾಂಕ್ಸ್ ಹೇಳಲು ನನಗೆ ಬರುವುದಿಲ್ಲ, ಹೇಳಿದರೂ ಇಲ್ಲಿನವರು ಕೇಳಿಸಿಕೊಳ್ಳುವುದಿಲ್ಲ.

ನಮ್ಮದು ಕುಂದಾಪುರದ ಹತ್ತಿರ ಒಂದು ಹಳ್ಳಿ. ಮನೆಯ ಹಿಂದೆ ಹೊಳೆ, ಹೊಳೆಯಾಚೆ ಕಡಲು. ಧಾರವಾಡಕ್ಕೆ ಬರಬೇಕೆಂದರೆ ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಅಂಕೋಲಾದಲ್ಲಿ ಬಲಕ್ಕೆ ತಿರುಗಿ ಅರಬೈಲ್ ಘಟ್ಟ ಹತ್ತಬೇಕು. ಆಮೇಲೆ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ. ಇತಿಹಾಸ ಓದಬೇಕು, ಶಾಸನ ಓದಲು ಕಲಿಯಬೇಕು ಅಂತ ಹಟ ಮಾಡಿ ಕರ್ನಾಟಕ ವಿಶ್ವವಿದ್ಯಾಲಯ ಸೇರಿದೆ. ಹಾಸ್ಟೆಲ್ ಸೀಟು ಸಿಗಲಿಲ್ಲ. ಶ್ರೀನಗರ ಸರ್ಕಲ್‌ನಿಂದ ಸ್ವಲ್ಪ ಒಳಗೆ, ಒಬ್ಬರು ಅಜ್ಜಿಯ ಮನೆಯ ಹಿತ್ತಲಲ್ಲಿ ಒಂದು ಖೋಲಿ ಸಿಕ್ಕಿತು. ಮೀನು ಬೇಯಿಸಬಾರದು, ರಾತ್ರಿ ಒಂಬತ್ತರ ಒಳಗೆ ಬರಬೇಕು. ಅಜ್ಜಿಯ ಷರತ್ತು ಇಷ್ಟೇ. ಎರಡನೆಯದಕ್ಕೆ ಸುಲಭವಾಗಿ ಒಪ್ಪಿದೆ.

ಅಪ್ಪ ಬಡಗಿ. ನನ್ನನ್ನು ಬಿಡಲು ಬಂದವರು ಕದವನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಏನೂ ಹೇಳದೆ ಪೇಟೆಗೆ ಹೋಗಿ ಚಿಲಕ ತಂದು ಮೇಲ್ಗಡೆ ಜಡಿದರು. ಬಸ್ ಹತ್ತುವಾಗ ಹೇಳಿದ್ದು ಒಂದೇ ಮಾತು, 'ಮೂರೂ ಹಾಕ್ಕೊ'.

ಹಾಕಿಕೊಂಡೆ. ಹಗಲೂ ಹಾಕಿಕೊಂಡೆ. ಕ್ಲಾಸು, ಖಾನಾವಳಿಯ ಡಬ್ಬಿ, ರೂಮು. ಮೊದಲ ತಿಂಗಳು ಇಷ್ಟೇ. ಚಳಿ ಬೇರೆ. ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಮ್ಮ ಮನೆ ಇರುವುದೇ ಸಮುದ್ರ ಮಟ್ಟದಲ್ಲಿ. ತುಟಿ ಒಡೆದು ಮಾತಾಡಲು ಆಗುತ್ತಿರಲಿಲ್ಲ. ಆಗದಿದ್ದರೂ ನಷ್ಟವಿರಲಿಲ್ಲ, ಮಾತಾಡಲು ಯಾರೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಒಂಟಿ ರೂಮಲ್ಲಿ ಕುಳಿತವರಿಗೆ ಮಾತ್ರ ಗೊತ್ತು, ಗಡಿಯಾರ ಎಷ್ಟು ಸೋಮಾರಿ ಅಂತ.

ಮೊದಲು ಕದ ಬಡಿದದ್ದು ಅಜ್ಜಿ. ರಾತ್ರಿ ಮೂರು ಗಂಟೆಗೆ. 'ಏಳವಾ, ನೀರ ಬಂದಾವ!'

ನಾನು ಹೆದರಿ ಹಾಸಿಗೆಯಲ್ಲೇ ಕುಳಿತೆ. ಹೊಳೆ ಉಕ್ಕಿ ಮನೆಯೊಳಗೆ ನೀರು ಬಂತು ಅಂತಲೇ ಅಂದುಕೊಂಡೆ. ನಮ್ಮ ಕಡೆ ರಾತ್ರಿ ಮೂರಕ್ಕೆ ಕದ ಬಡಿದು 'ನೀರು ಬಂತು' ಅಂದರೆ ಅದೇ ಅರ್ಥ. ಹೊರಗೆ ಬಂದು ನೋಡಿದರೆ ಓಣಿಗೆ ಓಣಿಯೇ ಎದ್ದಿದೆ. ಪೈಪು, ಕೊಡ, ಬ್ಯಾರಲ್. ಎಂಟು ದಿನಕ್ಕೊಮ್ಮೆ ನಳ ಬರುವುದಂತೆ. ಬಂದಾಗ ತುಂಬಿಸಿಕೊಂಡವರೇ ಜಾಣರು. ನನ್ನ ಹತ್ತಿರ ಇದ್ದದ್ದು ಎರಡು ಬಕೆಟ್. ಅಜ್ಜಿ ಅವನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ಒಂದು ಹಳೇ ನೀಲಿ ಡ್ರಮ್ ಉರುಳಿಸಿಕೊಂಡು ಬಂದರು. ವರ್ಷಕ್ಕೆ ಆರು ತಿಂಗಳು ಮಳೆಯಲ್ಲೇ ನೆನೆಯುವ ಊರಿನಿಂದ ಬಂದು, ಒಂದು ಚೊಂಬಿನಲ್ಲಿ ಮುಖ, ಕೈ, ಕಾಲು ಮೂರೂ ತೊಳೆಯುವುದನ್ನು ಕಲಿತದ್ದು ಅವತ್ತಿನಿಂದ.

ಇಲ್ಲಿನ ಕನ್ನಡದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ನಮ್ಮಲ್ಲಿ ನೀರು ಒಂದು. ಇಲ್ಲಿ ನೀರು ಬಂದಾವ, ನೀರು ಹೋದಾವ. ನೆಂಟರು ಬಂದ ಹಾಗೆ. ಎಂಟು ದಿನಕ್ಕೊಮ್ಮೆ ಬರುವವರಿಗೆ ಬಹುವಚನ ಕೊಡಲೇಬೇಕು ಅಲ್ವಾ?

ಭಾಷೆಯ ಪಾಠ ಅಷ್ಟಕ್ಕೇ ಮುಗಿಯಲಿಲ್ಲ. ಕ್ಲಾಸಿನಲ್ಲಿ ಪಕ್ಕ ಕುಳಿತವಳನ್ನು ಮೊದಲ ದಿನ 'ತಿಂಡಿ ಆಯ್ತಾ?' ಅಂತ ಕೇಳಿದೆ. ಹಿಂದಿನ ಬೆಂಚಿನವರೆಗೆ ನಗು ಹಬ್ಬಿತು. ತಿಂಡಿ ಅಂದರೆ ಇಲ್ಲಿ ತುರಿಕೆ, ಬೆಳಿಗ್ಗೆ ತಿನ್ನುವುದು ನಾಷ್ಟಾ. ಅವಳು ವಿಜಯಪುರ ಕಡೆಯವಳು. ಮರುದಿನ ನನಗೇ ಅಂತ ಬಟ್ಟೆಯಲ್ಲಿ ಸುತ್ತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಳು. 'ನಿನ್ನ ತಿಂಡಿಗೆ ಇದ ಔಷಧ' ಅಂದಳು. ಆ ರೊಟ್ಟಿಯನ್ನು ಹಪ್ಪಳ ಅಂದುಕೊಂಡು ಬರಿದೇ ಕಡಿದು ತಿಂದೆ. ಮತ್ತೆ ನಕ್ಕರು. ಇವತ್ತು ನನಗಿರುವ ಗೆಳತಿಯರೆಲ್ಲ ಆ ಎರಡು ನಗುವಿನಿಂದ ಬಂದವರು.

ಒಂದು ದಿನ ತೀರಾ ಬೇಜಾರಾಗಿ ಕ್ಯಾಂಪಸ್ಸಿನ ಗುಡ್ಡದ ಮೇಲೆ ಕುಳಿತಿದ್ದೆ. ಛೋಟಾ ಮಹಾಬಳೇಶ್ವರ ಅಂತ ಕರೆಯುತ್ತಿದ್ದ ಗುಡ್ಡ ಅದು. ಟಿ.ಸಿ. ತೆಗೆದುಕೊಂಡು ವಾಪಸ್ ಹೋಗಿಬಿಡುತ್ತೇನೆ ಅಂತ ವಿಜಯಪುರದವಳಿಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಈ ವಿಶ್ವವಿದ್ಯಾಲಯ 1949ರಲ್ಲಿ ಶುರುವಾದದ್ದು ಮುಂಬೈಯಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ ಅಂತ ನೆನಪಿಸಿದಳು. 'ಇದಕ್ಕ ಮದಲನೇ ವರ್ಷ ಸ್ವಂತ ಊರು ಇದ್ದಿಲ್ಲ. ನಿಂದೇನು ದೊಡ್ಡ ಮಾತು?' ಇತಿಹಾಸ ಓದುವವರ ಸಹವಾಸ ಹೀಗೇ ಇರುತ್ತದೆ. ಆ ಸಂಜೆ ಲೈನ್ ಬಜಾರ್‌ಗೆ ಹೋಗಿ ಪೇಡೆ ತಿಂದೆವು. ಪೇಡೆಯ ಠಾಕೂರ್ ಮನೆತನದವರೂ ಉತ್ತರ ಪ್ರದೇಶದ ಉನ್ನಾವೊದಿಂದ ಬಂದವರು ಅಂತ ದಾರಿಯಲ್ಲಿ ಅದನ್ನೂ ಸೇರಿಸಿದಳು. ಅವಳಿಗೆ ಮೊದಲ ಥ್ಯಾಂಕ್ಸ್. ಟಿ.ಸಿ. ಮಾತು ಮತ್ತೆ ಎತ್ತಲಿಲ್ಲ.

ಈಗ ಜ್ವರದ ಕಥೆ.

ಜುಲೈ. ಜಿಟಿಜಿಟಿ ಮಳೆ. ಒಂದು ಸಂಜೆ ಮೈ ಕೈ ನೋವು ಶುರುವಾಯಿತು. ರಾತ್ರಿಗೆ ಚಳಿ, ಕಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಮನೆಗೆ ಹೇಳಲಿಲ್ಲ. ಗೆಳತಿಯರಿಗೂ ಹೇಳಲಿಲ್ಲ. ಒಬ್ಬಳೇ ನಿಭಾಯಿಸುತ್ತೇನೆ ಅಂತ ಬಂದವಳಲ್ಲವೇ. ಒಂದು ಮಾತ್ರೆ ನುಂಗಿ ಮಲಗಿದೆ. ಅಮ್ಮ ಫೋನ್ ಮಾಡಿದಾಗ ಗಂಟಲು ಸರಿಮಾಡಿಕೊಂಡು 'ಓದ್ತಾ ಇದ್ದೆ' ಅಂದೆ. ಹೀಗೇ ಎರಡು ದಿನ.

ಮೂರನೇ ದಿನ ಎಷ್ಟು ಹೊತ್ತಾಗಿತ್ತೋ ತಿಳಿಯದು. ಕದ ಧಡಧಡ ಬಡಿಯಿತು. 'ಹಾಲಿನ ಪಾಕೀಟ ಇನ್ನೂ ಹೊರಗ ಬಿದ್ದೈತಿ. ಏನಾತ? ಕದಾ ತಗೀತಿಯೋ, ಒಡಸಲ್ಯೋ?'

ಹಾಸಿಗೆಯಿಂದ ಕದಕ್ಕೆ ಆರು ಹೆಜ್ಜೆ. ಗೋಡೆ ಹಿಡಿದು ಹೋದೆ. ಕೆಳಗಿನ ಚಿಲಕ ತೆಗೆದೆ. ನಡುವಿನದು ತೆಗೆದೆ. ಮೇಲಿನದಕ್ಕೆ ತುದಿಗಾಲಲ್ಲಿ ನಿಲ್ಲಬೇಕು. ನಿಂತರೆ ಕಣ್ಣಿಗೆ ಕತ್ತಲೆ. ಕೈ ಮೇಲೆತ್ತಿದರೆ ಭುಜ ಸಿಡಿಯುತ್ತದೆ. ಆಚೆ ಅಜ್ಜಿ ಬೈಯುತ್ತಿದ್ದಾರೆ, ಈಚೆ ನಾನು ಆ ಚಿಲಕದ ಕೆಳಗೆ ನಿಂತು ಅಳುತ್ತಿದ್ದೇನೆ. ಕೊನೆಗೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ತೆಗೆದೆ. ಅಜ್ಜಿ ಹಣೆ ಮುಟ್ಟಿ ನೋಡಿದರು. ಬೈಗುಳ ಅಲ್ಲಿಗೇ ನಿಂತಿತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಓಣಿಯ ಕೊನೆಯ ಮನೆಯ ಆಟೋ ಅಣ್ಣ ಎತ್ತಿ ಕೂರಿಸಿದ್ದು. ಮೂರು ಸಲ ಹೋಗಿ ಬಂದರೂ ಅವರು ದುಡ್ಡು ಮುಟ್ಟಲಿಲ್ಲ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂದದ್ದು. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದದ್ದು 62 ಸಾವಿರಕ್ಕೆ ಇಳಿದಿತ್ತು. ಡಾಕ್ಟರು ಅಜ್ಜಿಗೇ ಎಲ್ಲ ವಿವರಿಸಿದರು, ನಾನು ಅಲ್ಲಿಲ್ಲವೇನೋ ಎಂಬಂತೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ. ನೀರು, ಗಂಜಿ, ಎಳನೀರು ಕುಡಿಸುತ್ತಲೇ ಇರಿ. ಜ್ವರ ಬಿಟ್ಟಿತು ಅಂತ ಸುಮ್ನೆ ಇರಬೇಡಿ, ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಜಾಸ್ತಿ ಎಚ್ಚರ ಬೇಕು. ಹೊಟ್ಟೆ ನೋವು, ವಾಂತಿ, ವಸಡಿನಲ್ಲಿ ರಕ್ತ ಏನೇ ಕಂಡರೂ ಹೊತ್ತು ನೋಡದೆ ಕರೆದುಕೊಂಡು ಬನ್ನಿ. ಅಜ್ಜಿ ಇದನ್ನು ಕ್ಯಾಲೆಂಡರಿನ ಹಿಂದೆ ಬರೆಸಿ ಗೋಡೆಗೆ ತೂಗುಹಾಕಿದರು. ಪಪ್ಪಾಯಿ ಎಲೆಯ ರಸವನ್ನೂ ಕುಡಿಸಿದರು. ಅದರಿಂದ ಪ್ಲೇಟ್‌ಲೆಟ್ ಏರಿತೋ ಇಲ್ಲವೋ ಗೊತ್ತಿಲ್ಲ, ಆ ಕಹಿಗೆ ನಾನಂತೂ ಎದ್ದು ಕುಳಿತೆ.

ಮನೆಗೆ ಫೋನ್ ಹಚ್ಚಿದವರೂ ಅಜ್ಜಿಯೇ. 'ನಿಮ್ಮ ಮಗಳಿಗೆ ಜ್ವರ ಬಂದಾವ್ರೀ.' ಆಚೆ ಅಮ್ಮ ಕಿರುಚಿದ್ದು ನನಗೆ ಮಲಗಿದಲ್ಲಿಗೇ ಕೇಳಿಸಿತು. 'ಬಂದಾವ ಅಂದ್ರೆ ಎಂತ? ಎಷ್ಟ್ ಬಗೆ ಜ್ವರ?' ಅಂಥ ಸ್ಥಿತಿಯಲ್ಲೂ ನಗು ಬಂತು. ಈ ಊರಲ್ಲಿ ಜ್ವರವೂ ಬಹುವಚನ ಅಂತ ಅಮ್ಮನಿಗೆ ಹೇಳಿಕೊಡುವವರು ಯಾರು?

ಮರುದಿನ ಬೆಳಕು ಹರಿಯುವಾಗ ಅಪ್ಪ ಬಂದಿದ್ದರು. ನನ್ನನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ ಅಂದರು. ಅಜ್ಜಿ ಬಿಡಲಿಲ್ಲ. 'ಘಟ್ಟದಾಗ ಬಸ್ ಜೋಲಿ ಹೊಡೀತೈತಿ. ಇಂಥಾ ಹೊತ್ತಿನ್ಯಾಗ ಬ್ಯಾಡ್ರೀ.' ಅಪ್ಪ ನಾಲ್ಕು ದಿನ ಅಜ್ಜಿಯ ಪಡಸಾಲೆಯಲ್ಲಿ ಮಲಗಿದರು.

ಊಟ ಸೇರುತ್ತಿರಲಿಲ್ಲ. ಗಂಜಿ ಬೇಕು ಅನ್ನಿಸುತ್ತಿತ್ತು, ಬಿಳಿ ಅಕ್ಕಿಯದಲ್ಲ, ನಮ್ಮ ಕುಚ್ಚಲಕ್ಕಿಯದು. ಅಪ್ಪ ಪೇಟೆಯಲ್ಲಿ ಹುಡುಕುತ್ತಾ ಒಂದು ಉಡುಪಿ ಹೋಟೆಲ್‌ನಲ್ಲಿ ವಿಚಾರಿಸಿದ್ದಾರೆ. ಗಲ್ಲಾದಲ್ಲಿ ಕೂತವರು ಅಪ್ಪನ ಮಾತು ಕೇಳಿದ ಕೂಡಲೇ 'ಯಾವೂರಾಯ್ತ್?' ಅಂದರಂತೆ. ಅವರೂ ಕುಂದಾಪುರದ ಕಡೆಯವರೇ. ತಮ್ಮ ಊಟಕ್ಕೆಂದು ಊರಿನಿಂದ ತರಿಸಿಟ್ಟ ಚೀಲದಿಂದ ಅಕ್ಕಿ ತೆಗೆದು, ಹೋಟೆಲ್ ಒಲೆಯಲ್ಲೇ ಬೇಯಿಸಿ, ಹುಡುಗನ ಕೈಲಿ ಟಿಫಿನ್ ಕ್ಯಾರಿಯರ್ ಕಳಿಸಿದರು. ಮೇಲಿನ ಬಟ್ಟಲಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಒಂದೇ ಒಂದು ಮಿಡಿ. ಹತ್ತು ದಿನ ಆ ಹುಡುಗ ಮಧ್ಯಾಹ್ನ ಹನ್ನೆರಡೂವರೆಗೆ ಕದ ಬಡಿದ. ಅವನ ಹೆಸರು ಕೇಳಲು ನನಗೆ ತೋಚಿದ್ದು ಎಂಟನೇ ದಿನ. ಅದಕ್ಕೆ ಇವತ್ತಿಗೂ ನಾಚಿಕೆ.

ಕೊನೆಗೆ ಕದ ಬಡಿದವರು ಆಶಾ ಕಾರ್ಯಕರ್ತೆ, ಲಾರ್ವಾ ಸಮೀಕ್ಷೆಗೆ. ಕೈಯಲ್ಲಿ ಟಾರ್ಚು. ಬಚ್ಚಲಿಗೆ ಹೋಗಿ ನನ್ನ ನೀಲಿ ಡ್ರಮ್ಮಿನೊಳಗೆ ಬೆಳಕು ಬಿಟ್ಟು 'ಬರ್ರಿ ಇಲ್ಲೆ' ಅಂತ ಕರೆದರು. ನೀರಿನಲ್ಲಿ ಅಲ್ಪವಿರಾಮದಂಥ ಕರಿ ಹುಳಗಳು ಕುಣಿಯುತ್ತಿದ್ದವು. ಜೂನ್ ತಿಂಗಳಿಂದ ನಾನು ಆ ಡ್ರಮ್ಮನ್ನು ಮುಚ್ಚಿರಲಿಲ್ಲ. ಇಡೀ ಓಣಿಗೆ ಬೈದುಕೊಂಡಿದ್ದೆ, ಗಟಾರದ ಸೊಳ್ಳೆ ಅಂತ. ಗಟಾರದ್ದಲ್ಲವಂತೆ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದು ಹೀಗೆ ಕೂಡಿಟ್ಟ ಸ್ವಚ್ಛ ನೀರು, ಕಚ್ಚುವುದೂ ಹಗಲಲ್ಲೇ. ನನ್ನನ್ನು ಕಚ್ಚಿದ್ದು ಇಲ್ಲೇ ಹುಟ್ಟಿದ್ದೋ ಬೇರೆಯದೋ, ಡ್ರಮ್ ಮಾತ್ರ ನನ್ನದೇ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆ ತಿಕ್ಕಿ ತೊಳೆಯಿರಿ, ಮೊಟ್ಟೆ ಗೋಡೆಗೇ ಅಂಟಿರುತ್ತದೆ ಅಂದರು. ಎಂಟು ದಿನಕ್ಕೊಮ್ಮೆ ಬರುವ ನೀರನ್ನು ಚೆಲ್ಲುವುದು ಹೇಗೆ ಅಂತ ಕೇಳಿದೆ. ಅವರು ನಕ್ಕರು. 'ನಳ ಬರೋ ಹಿಂದಿನ ದಿನ ಬಟ್ಟಿ ಒಗದು ಖಾಲಿ ಮಾಡ್ರಿ. ಉಳದ ದಿನ ಗಟ್ಟಿ ಮುಚ್ಚರಿ.' ಅವರು ಅವತ್ತು ಅದೆಷ್ಟನೇ ಮನೆ ಹತ್ತಿ ಇಳಿದಿದ್ದರೋ. ಒಂದು ಲೋಟ ನೀರು ಕೊಟ್ಟೆ, ಫಿಲ್ಟರಿನದು.

ಅಪ್ಪ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮಧ್ಯಾಹ್ನ ಎಲ್ಲಿಂದಲೋ ಒಂದು ಪ್ಲೈವುಡ್ ತುಂಡು ತಂದರು. ಡ್ರಮ್ಮಿನ ಬಾಯಿಗೆ ದಾರ ಹಿಡಿದು ಅಳತೆ ಮಾಡಿ, ದುಂಡಗೆ ಕೊಯ್ದು, ಅಂಚಿಗೆ ಹಳೇ ಸೈಕಲ್ ಟ್ಯೂಬ್ ಜಡಿದರು. ಕೂದಲು ತೂರದಂಥ ಮುಚ್ಚಳ. ಆಮೇಲೆ ಅದೇ ಸ್ಕ್ರೂಡ್ರೈವರ್ ಹಿಡಿದು ಸ್ಟೂಲು ಹತ್ತಿ, ಕದದ ಮೇಲಿನ ಚಿಲಕವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕು ಸ್ಕ್ರೂವಿನ ತೂತು ಇನ್ನೂ ಹಾಗೇ ಇವೆ.

ಗೆಳತಿಯರು ಮೂರು ವಾರದ ನೋಟ್ಸನ್ನು ಕೈಯಲ್ಲೇ ಬರೆದುಕೊಟ್ಟರು, ಫೋಟೋ ಕಳಿಸಿದರೆ ನಾನು ಓದುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಜರಿ ವಿಷಯದಲ್ಲಿ ಸಹಾಯ ಮಾಡಿದ ಮೇಷ್ಟ್ರಿಗೂ ಥ್ಯಾಂಕ್ಸ್. ಪೇಪರ್ ಹೇಗೆ ಬರೆದಿದ್ದೇನೆ ಅಂತ ಮಾತ್ರ ಯಾರೂ ಕೇಳಬೇಡಿ.

ಅಜ್ಜಿಗೆ ಇದನ್ನು ಓದಿ ಹೇಳುವ ಕೆಲಸ ಮೊಮ್ಮಗನದು. ಪೂರ್ತಿ ಓದಿ ಹೇಳು ಮಾರಾಯ, ಚಿಲಕದ ಜಾಗದಲ್ಲಿ ನಾನು ಅತ್ತದ್ದನ್ನು ಮಾತ್ರ ಬಿಟ್ಟುಬಿಡು. ಅಜ್ಜಿ, ಕೀಲಿ ನಿಮ್ಮ ದೇವರ ಗೂಡಿನಲ್ಲಿ ಇಟ್ಟು ಹೋಗುತ್ತೇನೆ. ನೀವು ಕೇಳಿದ ಹಲಸಿನ ಹಪ್ಪಳ ಎರಡು ಕಟ್ಟು ತರುತ್ತೇನೆ. ನಾನಿಲ್ಲದಾಗ ನೀರು ಬಂದರೆ, ಅಲ್ಲ, ನೀರ ಬಂದರ, ನನ್ನ ಡ್ರಮ್ಮಿಗೂ ಒಂದು ಪೈಪು ಬಿಡಿ. ಮುಚ್ಚಳದ ಮೇಲೆ ಕಲ್ಲು ಇಡುವುದನ್ನು ಮರೆಯಬೇಡಿ.