ಒಣ ಹಳ್ಳದ ಚಿನ್ನ, ಊರಿಗೆ ಬಂದ ಕೆಮ್ಮು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಹವ್ಯಾಸಕ್ಕಾಗಿ ಚಿನ್ನ ಹುಡುಕುವವರು ಬಹಳ ಮಂದಿ. 1863ರಲ್ಲಿ ಚಿನ್ನ ಸಿಕ್ಕ ರಿಚ್ ಹಿಲ್‌ನ ಆಸುಪಾಸು, ಕ್ವಾರ್ಟ್ಸ್‌ಸೈಟ್ ಸುತ್ತಲಿನ ಒಣ ಹಳ್ಳಗಳಲ್ಲಿ ಚಳಿಗಾಲ ಬಂತೆಂದರೆ ಸನಿಕೆ, ಬಾಣಲೆ ಹಿಡಿದವರು ಇಂದಿಗೂ ಕಾಣಸಿಗುತ್ತಾರೆ. ಫೀನಿಕ್ಸ್ ಸುತ್ತಮುತ್ತ ನೆಲೆಸಿರುವ ನಮ್ಮವರೂ ಹೋಗುವುದುಂಟು, ಊರಿನಿಂದ ಬಂದ ತಂದೆತಾಯಿಯನ್ನು ಜೊತೆಗೆ ಕರೆದೊಯ್ಯುವುದೂ ಉಂಟು. ಹವ್ಯಾಸದ ಬಗ್ಗೆ ನನ್ನ ಆಕ್ಷೇಪವಿಲ್ಲ. ಅಲ್ಲಿ ಏಳುವ ಧೂಳಿನ ಬಗ್ಗೆ ಓದುಗರಿಗೂ ನಮ್ಮ ವೈದ್ಯರಿಗೂ ತಿಳಿಸಬೇಕಾದದ್ದಿದೆ.

ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಹಿಂದೆ ಜಾಲಗಾರರು ಹಳ್ಳದ ಮರಳನ್ನು ನೀರಿನಲ್ಲಿ ಜಾಲಿಸಿ ಚಿನ್ನದ ಕಣ ತೆಗೆಯುತ್ತಿದ್ದರು. ಅರಿಝೋನಾದ ಹಳ್ಳಗಳಲ್ಲಿ ನೀರೇ ಇಲ್ಲದ ಕಾರಣ ಆ ಕೆಲಸವನ್ನು ಗಾಳಿಗೆ ಒಪ್ಪಿಸುತ್ತಾರೆ. ಜರಡಿಯ ಮೇಲೆ ಸುರಿದ ಮಣ್ಣು ಓರೆಯಾಗಿಟ್ಟ ಬಟ್ಟೆಯ ಹಾಸಿನ ಮೇಲೆ ಇಳಿಯುತ್ತದೆ. ಕೆಳಗಿನ ತಿದಿ ಗಾಳಿ ಒತ್ತುತ್ತಿದ್ದಂತೆ ಹಗುರ ಮರಳು ಹಾರಿಹೋಗಿ, ನೀರಿಗಿಂತ 19 ಪಟ್ಟು ಭಾರವಾದ ಚಿನ್ನ ಕಪ್ಪು ಮರಳಿನೊಡನೆ ಅಡ್ಡಪಟ್ಟಿಗಳ ಹಿಂದೆ ನಿಲ್ಲುತ್ತದೆ. ಯಂತ್ರ ನಡೆಸುವವರ ಹುಬ್ಬು ರೆಪ್ಪೆಗಳೂ ಬೆಳ್ಳಗಾಗುವಷ್ಟು ಧೂಳು ಏಳುತ್ತದೆ.

ಆ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿರುತ್ತದೆ. ಅದರ ಬೀಜಕಣಗಳನ್ನು ಉಸಿರಾಡಿದವರಿಗೆ ಒಂದರಿಂದ ಮೂರು ವಾರಗಳಲ್ಲಿ ಕೆಮ್ಮು, ಜ್ವರ, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಇದನ್ನು ಅಲ್ಲಿ ವ್ಯಾಲಿ ಫೀವರ್ ಎನ್ನುತ್ತಾರೆ. ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಬಹುತೇಕರಿಗೆ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ತೀವ್ರವಾಗುವ ಅಪಾಯವಿದೆ. ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯವೆಂಬುದನ್ನು ನಾನು ಹೇಳಬೇಕಿಲ್ಲ.

ನನ್ನ ಹೆಚ್ಚಿನ ಆತಂಕವಿರುವುದು ಅವರು ಊರಿಗೆ ಮರಳಿದ ಮೇಲಿನ ಸ್ಥಿತಿಯ ಬಗ್ಗೆ. ವಾರಗಟ್ಟಲೆ ಬಿಡದ ಕೆಮ್ಮು, ರಾತ್ರಿ ಬೆವರು, ಎಕ್ಸ್‌ರೇಯಲ್ಲಿ ಕಲೆ ಕಂಡರೆ ನಮ್ಮಲ್ಲಿ ಮೊದಲು ಕ್ಷಯವನ್ನು ಶಂಕಿಸುತ್ತಾರೆ, ಶಂಕಿಸುವುದು ಸರಿಯೂ ಹೌದು. ಆದರೆ ಕ್ಷಯದ ಮಾತ್ರೆ ಈ ಶಿಲೀಂಧ್ರಕ್ಕೆ ನಾಟುವುದಿಲ್ಲ. ರೋಗಿ ಅರಿಝೋನಾದ ಮಣ್ಣು ಕೆದಕಿ ಬಂದ ಸಂಗತಿ ತಿಳಿದರೆ ಮಾತ್ರ ವೈದ್ಯರಿಗೆ ಅದರ ರಕ್ತಪರೀಕ್ಷೆ ಹೊಳೆದೀತು.

ಹೋಗಲೇಬೇಕೆನ್ನುವವರು ಎನ್‌95 ಮಾಸ್ಕ್ ಬಿಗಿಯಾಗಿ ಧರಿಸಲಿ, ಧೂಳು ತಮ್ಮತ್ತ ಬಾರದಂತೆ ಗಾಳಿ ಬೀಸಿ ಬರುವ ದಿಕ್ಕಿನಲ್ಲೇ ನಿಲ್ಲಲಿ, ಸಕ್ಕರೆ ಕಾಯಿಲೆಯ ಹಿರಿಯರನ್ನು ಯಂತ್ರದ ಹತ್ತಿರ ಬಿಡದಿರಲಿ. ಜುಲೈ, ಆಗಸ್ಟ್‌ನಲ್ಲಂತೂ ಹಳ್ಳಕ್ಕೆ ಇಳಿಯಲೇಬಾರದು: 1997ರ ಆಗಸ್ಟ್ 12ರಂದು ಅದೇ ರಾಜ್ಯದ ಆ್ಯಂಟೆಲೋಪ್ ಕಮರಿಯಲ್ಲಿ, ದೂರದಲ್ಲಿ ಸುರಿದ ಮಳೆಯ ನೆರೆಗೆ 11 ಪ್ರವಾಸಿಗರು ಬಲಿಯಾದರು.

ಕೆಮ್ಮಿನೊಂದಿಗೆ ಬಂದವರನ್ನು ‘ಇತ್ತೀಚೆಗೆ ಯಾವ ಊರಿಗೆ ಹೋಗಿದ್ದಿರಿ, ಅಲ್ಲಿ ಏನು ಮಾಡಿದಿರಿ’ ಎಂದು ಕೇಳುವಂತೆ ನಮ್ಮ ವೈದ್ಯರಲ್ಲಿ ಕಳಕಳಿಯಿಂದ ವಿನಂತಿಸುತ್ತೇನೆ. ಅವರು ಕೇಳದಿದ್ದರೆ ಮನೆಯವರೇ ಹೇಳಬೇಕು.

ಇಂತಿ,
ಅರಿಝೋನಾದಲ್ಲಿ ನೆಲೆಸಿರುವ ಕನ್ನಡಿಗ